ಕಮಾಂಡರನ ಗಂಟಲು

ಕಮಾಂಡರ್ ಬದಲಾಗುತ್ತಾನೆ ಎಂಬ ಸುದ್ದಿ ಬಂದ ದಿನ ನಮ್ಮ ಫೋನು ಸುಮ್ಮನಾಗಲೇ ಇಲ್ಲ. ಎತ್ತಿದರೆ ಎಲ್ಲರದೂ ಒಂದೇ ಪ್ರಶ್ನೆ: "ಸರ್ ಏನಂತಾರೆ?" ಸರ್, ಅಂದರೆ ನಮ್ಮನೆಯವರು, ಏನೂ ಅನ್ನುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ನಾನು ಪ್ರತಿಯೊಬ್ಬರಿಗೂ "ಸ್ನಾನಕ್ಕೆ ಹೋಗಿದ್ದಾರೆ" ಎಂದೆ. ಆ ದಿನ ಅವರು ಮಾಡಿದ ಸ್ನಾನ ನಿಜವಾಗಿದ್ದರೆ ಸಂಜೆಗೆ ಮೈ ಸವೆದುಹೋಗಬೇಕಿತ್ತು.

ಧಾರಾವಾಹಿಯ ಹೆಸರು 'ಕೊನೆಯ ನೌಕೆ'. ಹೆಸರಿಗಷ್ಟೇ ಕೊನೆಯದು, ಮುಗಿಯುವ ಲಕ್ಷಣ ಮಾತ್ರ ಇಲ್ಲ. ನನ್ನ ಮಗಳ ಹಾಲುಹಲ್ಲು ಬೀಳುವಾಗ ಶುರುವಾದದ್ದು, ಈಗ ಅವಳ ಮಗಳ ಹಲ್ಲು ಬೀಳುತ್ತಿದೆ, ನೌಕೆ ಇನ್ನೂ ನಕ್ಷತ್ರಗಳ ನಡುವೆ ಅಲೆಯುತ್ತಲೇ ಇದೆ. ದೂರದ ದೇಶದವರು ಯಾರೋ ತೆಗೆಯುತ್ತಾರೆ, ಇಲ್ಲಿಯವರು ಅದಕ್ಕೆ ನಮ್ಮ ಭಾಷೆಯ ಮಾತು ಕೂಡಿಸುತ್ತಾರೆ. ಮೊದಲ ಕಂತಿನಿಂದಲೂ ಕಮಾಂಡರನಿಗೆ ದನಿ ಕೊಟ್ಟವರು ನಮ್ಮನೆಯವರು. ಪರದೆಯ ಮೇಲೆ ತುಟಿ ಅಲ್ಲಾಡಿಸುವವನು ಯಾವನೋ, ಮಾತು ಇವರದು. ಮಾರುಕಟ್ಟೆಯಲ್ಲಿ ಇವರು "ಟೊಮೆಟೊ ಹೇಗೆ?" ಎಂದು ಕೇಳಿದರೆ ಪಕ್ಕದಲ್ಲಿದ್ದವರು ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದರು. ಮನೆಯಲ್ಲಿ ಮಾತ್ರ ಆ ದನಿಗೆ ಅಂಥ ಬೆಲೆಯೇನೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ಹೋದ ವರ್ಷ ಇವರ ಗಂಟಲಲ್ಲಿ ಗಂಟು ಕಂಡಿತು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. ಪ್ರಾಣ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು. "ತೆಗೀರಿ" ಎಂದೆ ನಾನು. ಇವರು ಒಂದು ಕ್ಷಣ ಯೋಚನೆ ಮಾಡಿದರು. ಆ ಒಂದು ಕ್ಷಣವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಈಗ ಇವರು ಕತ್ತಿನ ಬುಡದಲ್ಲಿರುವ ತೂತಿನಿಂದ ಉಸಿರಾಡುತ್ತಾರೆ. ಅದರ ಮೇಲೆ ತೆಳ್ಳನೆಯ ಶಾಲು ಸುತ್ತಿಕೊಳ್ಳುತ್ತಾರೆ. ತುಟಿ ಅಲ್ಲಾಡಿಸುತ್ತಾರೆ, ನಾನು ಓದಿಕೊಳ್ಳುತ್ತೇನೆ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡ ಏನು ಹೇಳುತ್ತಾನೆಂದು ತಿಳಿಯಲು ದನಿಯೇ ಬೇಕೆಂದಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಇವರು ಫೋನಿನಲ್ಲಿ ಒತ್ತಿ ತೋರಿಸಿದ ಮೊದಲ ಮಾತು: "ಯಾರಿಗೂ ಹೇಳಬೇಡ. ಕಮಾಂಡರನ ಮಾತು ಕೇಳುವಾಗ ಜನಕ್ಕೆ ಈ ತೂತು ಕಣ್ಣ ಮುಂದೆ ಬರಬಾರದು." ನಾನು ಮಾತು ಕೊಟ್ಟೆ. ಬಾಯಿ ಇದ್ದವಳು ನಾನೊಬ್ಬಳೇ, ಬೀಗ ಬಿದ್ದದ್ದೂ ಅದಕ್ಕೇ.

ಇಷ್ಟೇ ಆಗಿದ್ದರೆ ಹೇಗೋ ದಿನ ದೂಡಬಹುದಿತ್ತು. ಕೆಟ್ಟದ್ದು ಕತ್ತರಿಯ ಜಾಣತನದಿಂದ.

ಕತ್ತರಿ ಎಂದರೆ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುವವನು. ಮಾತಿನ ನಡುವಿನ ಕೆಮ್ಮು, ತೊದಲು, ಬೇಡದ ಉಸಿರು ಇವನ್ನು ಕತ್ತರಿಸಿ ಎಸೆಯುವುದು ಅವನ ಕೆಲಸ. ಒಂದನ್ನೂ ಎಸೆಯದೆ ಕೂಡಿಡುವುದು ಅವನ ಚಟ. ಶಸ್ತ್ರಚಿಕಿತ್ಸೆ ಆದಾಗ, ಕಮಾಂಡರ್ ಆಗಿದ್ದ ಹಳೆಯ ನಟನ ಕೊನೆಯ ಕೆಲವು ಕಂತುಗಳಿಗೆ ದನಿ ಕೊಡುವುದು ಇನ್ನೂ ಬಾಕಿ ಇತ್ತು. ಕತ್ತರಿ ತನ್ನ ಭಂಡಾರ ತೆರೆದು, ಒಂದು ವರ್ಷದ "ಬೇಡ", ಇನ್ನೊಂದು ವರ್ಷದ "ಹೊರಡೋಣ", ಎಂದೋ ಬಿಟ್ಟ ನಿಟ್ಟುಸಿರು, ಎಲ್ಲ ಹೆಕ್ಕಿ ಹೊಲಿದ. ಕೊನೆಯ ಕಂತಿನಲ್ಲಿ ಕಮಾಂಡರ್ ತನ್ನವರಿಗೆಲ್ಲ ವಿದಾಯ ಹೇಳಿ ಗಾಜಿನ ಪೆಟ್ಟಿಗೆಯೊಳಗೆ ಮಲಗುತ್ತಾನೆ. ನೌಕೆ ಅವನ ಮನಸ್ಸನ್ನು ತೆಗೆದು ಹೊಸ ಮೈಯೊಳಗೆ ಇಡುತ್ತದೆ. ಪೆಟ್ಟಿಗೆಯಿಂದ ಎದ್ದು ಬರುವವನು ಹೊಸ ನಟ. ಆ ವಿದಾಯದ ಮಾತು ಕೇಳಿ ಜನ ಬಿಕ್ಕಿ ಬಿಕ್ಕಿ ಅತ್ತರು. ಅದರಲ್ಲಿ "ಮಗೂ" ಎಂಬ ಒಂದು ಪದವಿದೆ. ಇವರು ಜ್ವರದಲ್ಲಿ, ಕಾಲಡಿ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಹೇಳಿದ್ದು ಅದು, ಅದೂ ಒಂದು ರೋಬೋಟ್ ನಾಯಿಗೆ. ಪಕ್ಕದ ಪದ ಇವರು ತರುಣರಾಗಿದ್ದಾಗಿನದು. ಯಾರಿಗೂ ಹೊಲಿಗೆ ಕಾಣಲಿಲ್ಲ. ಇದೇ ಇವರ ಜೀವಮಾನದ ಅತ್ಯುತ್ತಮ ಕೆಲಸ ಎಂದು ತೀರ್ಪಾಯಿತು. ಇವರು ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಆಮೇಲೆ ಹೊಸ ನಟ ಬಂದ. ಅಭಿಮಾನಿ ಸಂಘಕ್ಕೆ ಅವನ ಮೂಗು ಸರಿಬರಲಿಲ್ಲ. ಕಮಾಂಡರ್ ಎಂದರೆ ಬಾಗಿಲು ತಳ್ಳಿ ಬರಬೇಕು, ಇವನು ಎಳೆದು ಬರುತ್ತಾನೆ ಎಂದರು. ನಗುವಾಗ ಹಲ್ಲು ಜಾಸ್ತಿ ಕಾಣುತ್ತದೆ ಎಂದರು. ಆದರೆ ಮೂಗಿನ ವಿಚಾರದಲ್ಲಿ ನಮ್ಮೂರಿನವರು ಏನು ಮಾಡಿಯಾರು? ಅದು ದೂರದವರ ಮೂಗು. ಕೈಗೆ ಸಿಗುವುದು ದನಿ ಒಂದೇ. ಹೊಸ ನಟನಿಗೆ ಹೊಸ ದನಿ ಕೊಟ್ಟಿದ್ದಾರೆಂದು ಗೊತ್ತಾದದ್ದೇ ತಡ, ಇಡೀ ಸಿಟ್ಟು ಆ ಕಡೆ ತಿರುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಂಘದ ಅಧ್ಯಕ್ಷ ಕನ್ನಡಕದಂಗಡಿಯವನು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬಾಗಿಲು ಹಾಕಿಬಿಡಬಹುದಿತ್ತು. ನನ್ನ ಕನ್ನಡಕದ ಕಾಲು ಸಡಿಲವಾದಾಗ ಹೋದರೆ, ಸಣ್ಣ ತಿರುಪುಳಿ ಹಿಡಿದುಕೊಂಡೇ ಭಾಷಣ ಶುರುಮಾಡಿದ.

"ಅತ್ತಿಗೆ, ನೀವೇ ಹೇಳಿ. ಕಥೆಯಲ್ಲಿ ಮೈ ಬದಲಾಯ್ತು, ಸರಿ, ಒಪ್ಪೋಣ. ಮನಸ್ಸು ಅದೇ ತಾನೆ? ಮನಸ್ಸು ಅದೇ ಅಂದ್ಮೇಲೆ ದನಿ ಯಾಕೆ ಬದಲಾಗ್ಬೇಕು?"

"ಗಂಟಲು ಮೈಗೆ ಸೇರಿದ್ದಲ್ವೇನಪ್ಪ?" ಎಂದೆ.

"ಛೆ, ಅದು ವಿಜ್ಞಾನ. ನಾನು ಹೇಳ್ತಿರೋದು ನ್ಯಾಯ." ತಿರುಪುಳಿಯನ್ನು ಮೇಜಿಗೆ ಕುಟ್ಟಿದ. "ಸರ್ ಸ್ವಂತ ಇಚ್ಛೆಯಿಂದ ಬಿಟ್ರು ಅಂತ ಸ್ಟುಡಿಯೋದವರು ಕಾಗೆ ಹಾರಿಸ್ತಿದ್ದಾರೆ. ಕೊನೇ ಕಂತು ಕೇಳಿ ನೋಡಿ, ಗಂಟೆ ಬಾರಿಸಿದ ಹಾಗಿದೆ ದನಿ! ಅಂಥವರು ಬಿಡ್ತಾರಾ? ಬಿಡಿಸಿದಾರೆ. ಸಾವಿರ ಜನದ ಮಧ್ಯೆ ಸರ್ ಒಂದು ಸಲ ಕೆಮ್ಮಿದ್ರೂ ನಾನು ಕಣ್ಮುಚ್ಚಿ ಹೇಳ್ತೀನಿ. ನನ್ನ ಕಿವಿಗೇ ಮೋಸ ಮಾಡೋಕಾಗುತ್ತಾ?"

ಕತ್ತರಿ ಹೊಲಿದಿಟ್ಟ ಚಿಂದಿಯನ್ನೇ ಸಾಕ್ಷಿ ಮಾಡಿ ಇವನು ನನ್ನ ಮುಂದೆ ಹರಡಿದ್ದ. ಬಿಡಿಸಿದ್ದು ಹೌದೆಂದರೆ ಸ್ಟುಡಿಯೋದವರ ಮೇಲೆ ಸುಳ್ಳು ಹೊರಿಸಿದಂತೆ, ಇಲ್ಲವೆಂದರೆ ಇವರ ಗಂಟಲು ಬಯಲಾದಂತೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಎದ್ದು ಬಂದೆ.

ಹೊಸ ದನಿಯವನು ಒಂದು ಮಧ್ಯಾಹ್ನ, ಕಲಿಸಿಕೊಡಿ ಎಂದು ಕೇಳಲು ಮನೆಗೇ ಬಂದ. ಸಪೂರ ಆಳು, ಮದುವೆಯ ವಯಸ್ಸು ದಾಟುತ್ತಿದ್ದವನು. ಇಷ್ಟು ದಿನ ನೌಕೆಯ ಸಿಪಾಯಿಗಳಿಗೆ, ಸಾಯುವ ಪಾತ್ರಗಳಿಗೆ ದನಿ ಕೊಡುತ್ತಿದ್ದನಂತೆ. "ಅಯ್ಯೋ" ಎಂದು ಸಾಯುವುದರಲ್ಲಿ ಅವನಷ್ಟು ಅನುಭವ ಯಾರಿಗೂ ಇರಲಿಲ್ಲ. ನಮ್ಮ ಮನೆಯಲ್ಲಿ ಅವನಿಗೆ ಹೊಸಬ ಎಂದೇ ಹೆಸರು ಬಿತ್ತು. ಸಂಘದವರು ಇಟ್ಟ ಹೆಸರು ಮೇಕೆ. ಅವನ ಫೋನಿಗೆ ದಿನವೂ ಮೇಕೆ ಕೂಗುವ ಸದ್ದು ಕಳಿಸುತ್ತಿದ್ದರು.

ಇವರ ಶಾಲು ಜಾರಿದಾಗ ಅವನು ಎಲ್ಲ ನೋಡಿಬಿಟ್ಟ. ಬಗ್ಗಿ ಕಾಲು ಮುಟ್ಟಿದ. ಇವರಿಗೆ ಅವನು ಅಲ್ಲೇ ಹಿಡಿಸಿದ.

ಪಾಠ ಶುರುವಾಯಿತು. ಅಂಥ ಪಾಠವನ್ನು ನಾನೆಲ್ಲೂ ಕಂಡಿಲ್ಲ. ಟಿವಿಯ ಸದ್ದು ಪೂರ್ತಿ ಇಳಿಸಿ, ಇವರು ಹೊಸಬನ ಎದುರು ಕೂತು, ಕಮಾಂಡರನ ಮಾತನ್ನು ತುಟಿಯಲ್ಲಿ ಆಡುತ್ತಿದ್ದರು. ಹುಬ್ಬು, ಭುಜ, ಬೆರಳು ಎಲ್ಲ ಆಡುತ್ತಿದ್ದವು. ಹೊಸಬ ಅವರ ಮುಖವನ್ನೇ ನೋಡುತ್ತ ದನಿ ಕೊಡುತ್ತಿದ್ದ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಇವರು ತಮ್ಮ ಅಂಗೈಯನ್ನು ಅವನ ಹೊಟ್ಟೆಯ ಮೇಲಿಟ್ಟು ಒತ್ತಿ ತೋರಿಸುತ್ತಿದ್ದರು. ತಪ್ಪಿದರೆ ಮೇಜಿಗೆ ಚಮಚದಿಂದ ಹೊಡೆಯುತ್ತಿದ್ದರು. ವಾರಗಳು ಕಳೆದಂತೆ ಚಮಚದ ಸದ್ದು ಕಡಿಮೆಯಾಯಿತು. ಕೊನೆಕೊನೆಗೆ ಇವರ ತುಟಿ ಬಿರಿಯುವುದಕ್ಕೂ ಅವನ ದನಿ ಹೊರಡುವುದಕ್ಕೂ ನಡುವೆ ಕೂದಲೆಳೆ ತೂರುವಷ್ಟೂ ಜಾಗ ಇರಲಿಲ್ಲ.

"ಇವನನ್ನ ಜನ ಒಪ್ಪಿದ್ರೆ ಸಾಕು," ಎಂದು ಇವರು ತುಟಿಯಲ್ಲಿ ಹೇಳಿದರು. "ನನ್ನ ಗುಟ್ಟು ಬಚ್ಚಿಟ್ಟಲ್ಲೇ ಇರುತ್ತೆ, ಇವನ ಹೆಸರು ಬೆಳಗುತ್ತೆ."

ಅದೊಂದೇ ಇವರು ಬಯಸಿದ್ದು.

ಜನ ಒಪ್ಪಲಿಲ್ಲ. ಹೊಸಬ ಎಷ್ಟು ಚೆನ್ನಾಗಿ ಮಾಡಿದರೂ ತೆರೆಯ ಮೇಲೆ ಅವನ ಹೆಸರು ಕಂಡ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಸಂಘದವರು ಧಾರಾವಾಹಿ ನೋಡುವುದನ್ನೇ ಬಿಡುತ್ತೇವೆ ಎಂದು ಸಾರಿದರು. ಸ್ಟುಡಿಯೋದ ಮ್ಯಾನೇಜರ್ ನನಗೆ ಫೋನ್ ಮಾಡಿದ. ಗಂಟಲಿನ ವಿಷಯ ಅವನಿಗೆ ಮೊದಲಿಂದ ಗೊತ್ತಿತ್ತು.

"ಭಾನುವಾರ ಬೆಳಿಗ್ಗೆ ಅವರನ್ನೆಲ್ಲ ನಿಮ್ಮ ಮನೆ ಕೆಳಗೆ ಕರ್ಕೊಂಡು ಬರ್ತೀನಿ ಮೇಡಂ. ಎಲ್ಲರ ಮುಂದೆ ನಾನೇ ಕೇಳ್ತೀನಿ, ವಾಪಸ್ ಬನ್ನಿ ಸರ್ ಅಂತ. ಸರ್ ಬಾಲ್ಕನಿಗೆ ಬಂದು ಕೈ ಮುಗಿದು, ಬೇಡ ಅಂತ ತಲೆ ಅಲ್ಲಾಡಿಸಿದ್ರೆ ಸಾಕು. ಅಲ್ಲಿಗೆ ಮುಗೀತು. ಒಂದು ಮಾತೂ ಬೇಕಾಗಿಲ್ಲ."

ಕೇಳುವುದಕ್ಕೆ ಸುಲಭವಾಗಿತ್ತು. ಇವರೂ ಒಪ್ಪಿದರು.

ಭಾನುವಾರ ಹೊಸಬನೂ ಪಾಠಕ್ಕೆ ಬಂದಿದ್ದ. ಕೆಳಗೆ ಗದ್ದಲ ಕೇಳಿದ ಮೇಲೆ ಅವನಿಗೆ ಹೊರಗೆ ಹೋಗಲು ದಾರಿಯೇ ಉಳಿಯಲಿಲ್ಲ. ಅಡುಗೆಮನೆಯಲ್ಲಿ ಕಿಟಕಿಯ ಪಕ್ಕ ಅವಿತು ನಿಂತ. ಆ ಕಿಟಕಿ ಪಕ್ಕದಿಂದ ಬಾಲ್ಕನಿಗೇ ತೆರೆಯುತ್ತದೆ, ಕೆಳಗಿನವರಿಗೆ ಮಾತ್ರ ಕಾಣುವುದಿಲ್ಲ. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶಾಲಿಗೆ ಬಿಗಿಯಾಗಿ ಗಂಟು ಹಾಕಿ ಬಾಲ್ಕನಿಗೆ ಬಂದರು. ನಾನು ಬಾಗಿಲಲ್ಲಿ ನಿಂತೆ.

ಬೀದಿ ತುಂಬಿತ್ತು. ಆಫೀಸಿನವರು, ಬಸ್ಸು ಓಡಿಸುವವರು, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಎದುರು ಕಟ್ಟಡದ ಮೆಟ್ಟಿಲ ಮೇಲೆಲ್ಲ ಕಾಲೇಜಿನ ಹುಡುಗಿಯರು. ಇವರನ್ನು ಕಂಡದ್ದೇ ಒಂದು ಕೂಗೆದ್ದಿತು. ಮ್ಯಾನೇಜರ್ ತನ್ನ ಪಾಠ ಒಪ್ಪಿಸಿದ. ಇವರು ಕೈ ಮುಗಿದರು, ತಲೆ ಅಲ್ಲಾಡಿಸಿದರು. ಅಷ್ಟಕ್ಕೇ ಒಳಗೆ ಬಂದುಬಿಡಬೇಕಿತ್ತು.

"ಒಂದು ಮಾತು ಸರ್!" ಎಂದ ಕನ್ನಡಕದಂಗಡಿಯವನು. ದನಿ ಒಡೆದಿತ್ತು. "ಬೇಡ ಅನ್ನೋದಾದ್ರೆ ನಿಮ್ಮ ಬಾಯಲ್ಲೇ ಹೇಳಿ, ಹೋಗ್ತೀವಿ."

ಅಷ್ಟು ಜನ ತಮ್ಮ ಮಾತಿಗಾಗಿ ಬಾಯಿ ಮುಚ್ಚಿ ಕಾಯುವುದನ್ನು ಇವರು ಜೀವನದಲ್ಲಿ ಎಂದೂ ಕಂಡಿರಲಿಲ್ಲ. ಇವರ ಕೆಲಸವೆಲ್ಲ ಬಾಗಿಲು ಹಾಕಿದ ಕೋಣೆಯಲ್ಲಿ ನಡೆದದ್ದು. ಇವರು ಮೈಮರೆತರು ಎಂದು ಕಾಣುತ್ತದೆ. ತುಟಿ ಬಿರಿಯಿತು.

"ಗೆಳೆಯರೇ."

ದನಿ ಕೇಳಿತು. ಅದು ಇವರ ದನಿ, ಮದುವೆಯ ಹೊಸತರಲ್ಲಿ ಬಚ್ಚಲಮನೆಯಿಂದ ಟವೆಲ್ ಕೊಡು ಎಂದು ಕೂಗುತ್ತಿದ್ದ ದನಿ, ವರ್ಷದಿಂದ ನಾನು ಕಿವಿಯಾರೆ ಕೇಳದ ದನಿ. ತಿರುಗಿ ನೋಡಿದೆ. ಅಡುಗೆಮನೆಯ ಕಿಟಕಿಯಲ್ಲಿ ಹೊಸಬ ಇವರ ತುಟಿಯನ್ನೇ ದಿಟ್ಟಿಸುತ್ತ ನಿಂತಿದ್ದ. ಅವನಿಗೇ ಗಾಬರಿಯಾಗಿತ್ತು. ಬೇಕೆಂದು ಮಾಡಿದ್ದಲ್ಲ. ಸದ್ದಿಲ್ಲದ ತುಟಿ ಕಂಡರೆ ಮಾತು ತುಂಬುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಇವರು ಒಂದು ಗಳಿಗೆ ತಡವರಿಸಿದರು. ಆಮೇಲೆ, ಹೇಗೂ ಬಾಯಿ ಬಿಟ್ಟಾಗಿದೆ, ಹೇಳಬೇಕಾದ್ದನ್ನಾದರೂ ಹೇಳಿಬಿಡೋಣ ಅನ್ನಿಸಿರಬೇಕು.

"ನಾನು ಬರೋದಿಲ್ಲ," ಎಂದಿತು ತುಟಿ, ಎಂದಿತು ದನಿ. "ನನ್ನ ಕಾಲ ಮುಗೀತು. ಹೊಸಬನ್ನ ಕೇಳಿ. ಒಳ್ಳೆಯವನು, ನನಗಿಂತ ಚೆನ್ನಾಗಿ ಮಾಡ್ತಾನೆ."

ತನ್ನನ್ನು ತಾನೇ ಹೊಗಳಿಕೊಳ್ಳಬೇಕಾಗಿ ಬಂದಾಗ ಹೊಸಬನ ಕಿವಿ ಕೆಂಪಾಯಿತು. ಆದರೂ ತುಟಿಯಲ್ಲಿದ್ದ ಮಾತು ಒಂದನ್ನೂ ಬಿಡಲಿಲ್ಲ.

ಕೆಳಗೆ ಚಪ್ಪಾಳೆ, ಶಿಳ್ಳೆ, ಅಳು ಎಲ್ಲ ಒಟ್ಟಿಗೆ ಎದ್ದವು. ಕನ್ನಡಕದಂಗಡಿಯವನು ತನ್ನ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಕೇಳಿದ್ರಾ! ನಿವೃತ್ತಿಯಂತೆ ನಿವೃತ್ತಿ! ಸರ್, ಇಂಥ ಗಂಟಲು ಇಟ್ಕೊಂಡು ಆ ಮೇಕೆ ಅರಚೋದನ್ನ ಕೇಳಿ ಅಂತೀರಾ ನಮಗೆ?"

"ಬೇಡ, ನನ್ನ ಮಾತು ಕೇಳಿ," ಎಂದರು ಇವರು.

"ಆಹಾ! ಆ 'ಬೇಡ' ಕೇಳಿದ್ರಾ? ಮೇಕೆ ಸತ್ತು ಹುಟ್ಟಿದ್ರೂ ಬರುತ್ತಾ ಅದು?"

ಇವರು ಎಷ್ಟೆಷ್ಟು ಬೇಡಿಕೊಂಡರೋ ಜನಕ್ಕೆ ಅಷ್ಟಷ್ಟು ಹೆಚ್ಚು ಬೇಕಾಗುತ್ತ ಹೋದರು. ಒಲ್ಲೆ ಎಂದ ಒಂದೊಂದು ಮಾತೂ ಒಲ್ಲೆ ಎನ್ನುವವನಿಗೆ ದನಿ ಇದೆ ಎಂಬುದಕ್ಕೆ ಸಾಕ್ಷಿಯಾಯಿತು. ಕಿಟಕಿಯೊಳಗೆ ಹೊಸಬ ತನ್ನದೇ ದನಿಗೆ ಬಿದ್ದ ಚಪ್ಪಾಳೆಯನ್ನೂ ತನ್ನದೇ ಹೆಸರಿಗೆ ಬಿದ್ದ ಬೈಗುಳವನ್ನೂ ಒಟ್ಟಿಗೆ ಕೇಳುತ್ತಿದ್ದ. ಅವನ ಮುಖ ನೋಡಲಾಗಲಿಲ್ಲ ನನಗೆ.

ಇವರ ಕೈ ಶಾಲಿನ ಗಂಟಿಗೆ ಹೋಯಿತು. "ಬಿಚ್ಚಿ," ಎಂದೆ ಮೆಲ್ಲಗೆ. "ಬಿಚ್ಚಿಬಿಡಿ ರೀ." ಬೆರಳು ಗಂಟನ್ನು ಹಿಡಿದಿತ್ತು. ಕೆಳಗೆ ಅಪ್ಪನ ಹೆಗಲ ಮೇಲಿದ್ದ ಕೂಸೊಂದು ಕಮಾಂಡರನ ಹಾಗೆ ಎದೆಗೆ ಮುಷ್ಟಿ ಇಟ್ಟು ವಂದನೆ ಮಾಡಿತು. ಇವರು ಗಂಟು ಬಿಟ್ಟು, ತಮ್ಮ ಮುಷ್ಟಿಯನ್ನೂ ಎದೆಗಿಟ್ಟರು. ನಾನಾದರೂ ಕೂಗಿ ಹೇಳಬಹುದಿತ್ತು. ಜಗಳಕ್ಕೆ ನಿಂತರೆ ಇಡೀ ಬೀದಿಗೆ ಕೇಳುವ ಗಂಟಲು ನನ್ನದು. ಮಾತು ಕೊಟ್ಟಿದ್ದೆ, ಬಾಯಿ ಕಟ್ಟಿತ್ತು.

ಮ್ಯಾನೇಜರ್ ಅಭಿಮಾನಿಯಲ್ಲ, ಆದ್ದರಿಂದ ಅವನ ಕಿವಿ ನೆಟ್ಟಗಿತ್ತು. ಜನ ಚದುರಿದ ಮೇಲೆ ಮೆಟ್ಟಿಲು ಹತ್ತಿ ಬಂದು, ನೇರ ಅಡುಗೆಮನೆಗೆ ಹೋಗಿ, ಹೊಸಬನ ಭುಜ ತಟ್ಟಿದ.

"ಇದಕ್ಕಿಂತ ಒಳ್ಳೆ ದಾರಿ ಇಲ್ಲಪ್ಪ. ದನಿ ನಿನ್ನದೇ ಇರಲಿ, ಹೆಸರು ಸರ್‌ದು ಹಾಕೋಣ. ನೀನು ಹಿಂದಿನ ಬಾಗಿಲಿಂದ ಬಾ, ಹಿಂದಿನ ಬಾಗಿಲಿಂದ ಹೋಗು. ನಿನ್ನನ್ನ ತೆಗೆದುಬಿಟ್ವಿ ಅಂತ ಹೊರಗೆ ಹೇಳ್ತೀವಿ. ನಿನ್ನ ಮನೆಯವರ ಮುಂದೂ ಬಾಯಿ ಬಿಡಬಾರದು."

ಇವರು ಮೇಜಿಗೆ ಬಡಿದರು. ಆಗದು ಎಂದು ಕೈ ಆಡಿಸಿದರು, ಫೋನಿನಲ್ಲಿ ಒತ್ತಿ ಒತ್ತಿ ತೋರಿಸಿದರು. ಮ್ಯಾನೇಜರ್ ತಾಳ್ಮೆಯಿಂದ ಎಲ್ಲ ಓದಿದ. "ಹಾಗಾದ್ರೆ ನಿಮ್ಮ ಆಪರೇಷನ್ ವಿಷಯ ನಾವೇ ಹೇಳಿಬಿಡೋಣ್ವಾ ಸರ್?" ಎಂದ. ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ, ಚಹಾಕ್ಕೆ ಸಕ್ಕರೆ ಬೇಕಾ ಎಂದು ಕೇಳುವವನ ಹಾಗೆ ಕೇಳಿದ. ಇವರ ಬೆರಳು ನಿಂತಿತು.

ಒಪ್ಪಿಕೊಂಡವನು ಹೊಸಬನೇ. "ಬೇರೆಯವರ ಬಾಯಿಗೆ ಮಾತು ಕೊಡೋದೇ ನನ್ನ ಕೆಲಸ ಅಲ್ವಾ ಅಮ್ಮ," ಎಂದ ನನ್ನ ಕಡೆ ತಿರುಗಿ. "ಇನ್ನೊಂದು ಬಾಯಿ ಹೆಚ್ಚಾಯ್ತು, ಅಷ್ಟೆ." ನಗಲು ನೋಡಿದ. ನಾನು ಅವನ ಕೈಗೆ ನೀರಿನ ಲೋಟ ಕೊಟ್ಟೆ, ಬೇರೆ ಏನು ಕೊಡಲಿ?

ಈಗ ಎಲ್ಲರೂ ಸುಖಿಗಳು. ತೆರೆಯ ಮೇಲೆ ಮತ್ತೆ ಇವರ ಹೆಸರು ಬರುತ್ತದೆ. ಹೊಸ ನಟನ ಮೂಗೂ ಜನಕ್ಕೆ ಮೆಲ್ಲಮೆಲ್ಲಗೆ ಹಿಡಿಸಿದೆ, ಆ ದನಿಗೆ ಅದೇ ಮೂಗು ಸರಿ ಎನ್ನುತ್ತಾರೆ. ಕನ್ನಡಕದಂಗಡಿಯವನು ನನ್ನ ಕನ್ನಡಕವನ್ನು ಪುಕ್ಕಟೆ ರಿಪೇರಿ ಮಾಡುತ್ತಾನೆ, ನಾನು ಬೇಡವೆಂದರೂ ಕೇಳುವುದಿಲ್ಲ. ಇವರು ವಾರಕ್ಕೊಮ್ಮೆ ಮುಂಬಾಗಿಲಿಂದ ಸ್ಟುಡಿಯೋಗೆ ಹೋಗಿ ಕೂತು ಬರುತ್ತಾರೆ. ಹೊಸಬ ಮನೆಗೆ ಬರುವುದನ್ನು ನಿಲ್ಲಿಸಿದ. ಬಂದರೆ ಯಾರಾದರೂ ನೋಡಿಯಾರು.

ಮೊನ್ನೆ ಬೆಳಿಗ್ಗೆ ಫೋನ್ ಬಂತು. ಇವರು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು. ಹೆಂಗಸಿನ ದನಿ, ಹಿಂದೆ ಯಂತ್ರಗಳ ಸದ್ದು.

"ನಮಸ್ಕಾರಮ್ಮ. ನಿಮ್ಮ ಯಜಮಾನರ ಹತ್ರ ಕಲಿಯೋಕೆ ಒಬ್ಬ ಬರ್ತಿದ್ನಲ್ಲ, ನಾನು ಅವನ ತಾಯಿ. ಲಾಂಡ್ರಿಯಲ್ಲಿ ಕೆಲಸ ಮಾಡ್ತೀನಿ, ಇಲ್ಲಿಂದಲೇ ಮಾತಾಡ್ತಿದೀನಿ, ಗಲಾಟೆ ಇದೆ."

"ಹೇಳಮ್ಮ," ಎಂದೆ.

"ಕಮಾಂಡರ್ ಕೆಲಸ ಹೋಯ್ತು ಅಂದ. ಎಲ್ಲೋ ಗೋಡೌನಲ್ಲಿ ಸೇರ್ಕೊಂಡಿದೀನಿ ಅಂತಾನೆ. ಸರಿ ಅಂದ್ಕೊಂಡೆ. ಆದ್ರೆ ನಿನ್ನೆ ಟಿವಿಲಿ ಕಮಾಂಡರ್ ಯಾರನ್ನೋ ಬೈದ. ಬೈಯೋಕೆ ಮುಂಚೆ ಒಂದು ಸಲ ಉಗುಳು ನುಂಗ್ದ. ನಮ್ಮ ಹುಡುಗ ಚಿಕ್ಕೋನಿಂದ ಹಾಗೇ, ಸಿಟ್ಟು ಬಂದ್ರೆ ಮೊದ್ಲು ನುಂಗ್ಕೋತಾನೆ, ಆಮೇಲೆ ಮಾತು. ಅದು ನನ್ನ ಮಗ ಅಲ್ವೇನಮ್ಮ?"

ನಾನು ಬಾಲ್ಕನಿಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದೆ.

"ನಾನು ಯಾರ ಹತ್ರನೂ ಹೇಳಲ್ಲ. ಅವನು ಸೋತಿಲ್ಲ ಅಂತ ಒಂದು ಗೊತ್ತಾದ್ರೆ ಸಾಕು. ಮನೆಯಲ್ಲಿ ಗೋಡೆ ನೋಡ್ಕೊಂಡು ಊಟ ಮಾಡ್ತಾನೆ."

ಸಾವಿರ ಜನದ ನಡುವೆ ಕೆಮ್ಮು ಗುರುತಿಸುವವರು ಬೀದಿ ತುಂಬ ನಿಂತಿದ್ದರು, ಒಬ್ಬರಿಗೂ ತಿಳಿಯಲಿಲ್ಲ. ಇವಳಿಗೆ ಒಂದು ಉಗುಳು ನುಂಗಿದ್ದು ಸಾಕಾಯಿತು. ಹೌದಮ್ಮ, ನಿನ್ನ ಮಗನೇ, ಇಡೀ ಊರು ಚಪ್ಪಾಳೆ ತಟ್ಟುತ್ತಿರುವುದು ಅವನಿಗೇ ಎನ್ನಲು ಬಾಯಿ ತೆರೆದೆ. ಹೇಳಿದರೆ ಇವಳು ಸಂತೋಷ ತಡೆಯಲಾರದೆ ಪಕ್ಕದ ಯಂತ್ರದವಳಿಗೆ ಹೇಳುತ್ತಾಳೆ, ಅವಳು ಇನ್ನೊಬ್ಬಳಿಗೆ. ನಾನಾಗಿದ್ದರೂ ಹೇಳುತ್ತಿದ್ದೆ. ಆಮೇಲೆ ಅವನ ಕೆಲಸವೂ ಉಳಿಯುವುದಿಲ್ಲ, ಇವರ ಮಾನವೂ ಉಳಿಯುವುದಿಲ್ಲ.

"ಇಲ್ಲಮ್ಮ," ಎಂದೆ. "ಅದು ನಮ್ಮನೆಯವರ ದನಿ."

ಆ ಕಡೆ ಯಂತ್ರಗಳು ಸ್ವಲ್ಪ ಹೊತ್ತು ತಿರುಗಿದವು.

"ಹೌದಾ," ಎಂದಳು. "ತಪ್ಪು ತಿಳ್ಕೋಬೇಡಿ. ವಯಸ್ಸಾಯ್ತು, ಕಿವಿ ಸರಿಯಿಲ್ಲ ಅನ್ಸುತ್ತೆ. ದನಿ ತುಂಬಾ ಚೆನ್ನಾಗಿದೆ ಅಂತ ನಿಮ್ಮ ಯಜಮಾನರಿಗೆ ಹೇಳಿ."

ಫೋನ್ ಇಟ್ಟೆ. ಇವರು ಖಾಲಿ ಬಕೆಟ್ಟು ಹಿಡಿದು ಒಳಗೆ ಬಂದು, ಯಾರು ಎಂದು ತುಟಿಯಲ್ಲೇ ಕೇಳಿದರು.

"ಯಾರೋ ಅಭಿಮಾನಿ," ಎಂದೆ. "ನಿಮ್ಮ ದನಿ ತುಂಬಾ ಚೆನ್ನಾಗಿದೆಯಂತೆ."